ಎಕ್ಸ್‌ಪೈರಿ ಎಂಬ ಹಾಳು ಪದ

ನಾನು ಇಂಗ್ಲಿಷ್ ಮೇಷ್ಟ್ರು. ಎಷ್ಟೋ ಕ್ರಿಯಾಪದ ಕಲಿಸಿದ್ದೇನೆ, ‘ಎಕ್ಸ್‌ಪೈರ್’ ಎಂಬುದರ ಮೇಲೆ ಮಾತ್ರ ನನಗೆ ಹಗೆ. ನಮ್ಮ ಜನಕ್ಕೆ ಮಾತ್ರೆಯೂ ಎಕ್ಸ್‌ಪೈರಿ, ಮನುಷ್ಯರೂ ಎಕ್ಸ್‌ಪೈರಿ. ‘ಸತ್ತರು’ ಎನ್ನಲು ಬಾಯೇ ಬರುವುದಿಲ್ಲ ಇವರಿಗೆ!

ನಮ್ಮ ಮನೆ ಕೆಳಗಿನ ಔಷಧಿ ಅಂಗಡಿಯವನನ್ನು ಬೀದಿಯೆಲ್ಲ ಮಾತ್ರೆಯಣ್ಣ ಅನ್ನುವುದು. ಕನ್ನಡಕ ಹಣೆಗೇರಿಸಿ, ಮಾತ್ರೆಪಟ್ಟಿಯನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು, ಅಳಿಸಿಹೋದ ತಾರೀಖನ್ನೂ ಓದಿಬಿಡುವ ಆಸಾಮಿ. ಎದುರಿನ ಆಸ್ಪತ್ರೆಗೂ ಔಷಧಿ ಇವನದೇ. ಅಲ್ಲಿಂದ “ಅಣ್ಣಾ, ಇಂಜೆಕ್ಷನ್ ಎಕ್ಸ್‌ಪೈರಿ ಆಗಿದೆ” ಎಂದು ಫೋನು ಬಂದರೆ ಇವನ ಉತ್ತರ ಬಾಯಿಪಾಠ: “ವಾಪಸ್ ಕಳ್ಸಿ, ಬದಲಾಯಿಸಿ ಕೊಡ್ತೀನಿ.”

ಅವನ ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಅತ್ತಿಗೆ ಎಂದೇ ನಾನು ಕರೆಯುತ್ತಿದ್ದುದು. ಏದುಸಿರಿನ ನಡುವೆಯೂ, “ಅಂಗಡಿ ತುಂಬ ಔಷಧಿ ಇಟ್ಕೊಂಡು ಹೆಂಡ್ತಿಗೆ ಕೊಡೋದು ಬರೀ ಬೈಗುಳ, ನೋಡಿ ಮೇಷ್ಟ್ರೇ” ಎಂದು ನಗಿಸುತ್ತಿದ್ದರು. ಕೊನೆಗೆ ಅದೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ಕೈಚೆಲ್ಲಿದರೂ ಇವನು ಆಸೆ ಬಿಡಲಿಲ್ಲ. “ಇವತ್ತು ಎರಡು ಚಮಚ ಹಾಲು ಕುಡಿದ್ಲು ಮೇಷ್ಟ್ರೇ, ಉಳ್ಕೋತಾಳೆ” ಅನ್ನುತ್ತಿದ್ದ.

ಅವತ್ತು ನಾನು ತಲೆನೋವಿನ ಮಾತ್ರೆಗೆಂದು ಅಂಗಡಿಗೆ ಇಳಿದಿದ್ದೆ. ಫೋನು ಬಂತು. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವನು ಕತ್ತರಿಯಲ್ಲಿ ಪಟ್ಟಿ ಕತ್ತರಿಸುತ್ತಿದ್ದ. ಆ ಫೋನಿನ ಸದ್ದೋ, ಬೀದಿಗೇ ಕೇಳಬೇಕು. ಯಾರೋ ಹೊಸ ನರ್ಸು. “ಅಣ್ಣಾ, ನಿಮ್ಮ...” ಎಂದು ಮಾತು ನುಂಗಿ, “ಎಕ್ಸ್‌ಪೈರಿ ಆಯ್ತಣ್ಣಾ” ಎಂದಳು.

“ಆಗ್ಲಿ ಬಿಡಮ್ಮ. ವಾಪಸ್ ಕಳ್ಸು, ಬದಲಾಯಿಸಿ ಕೊಡ್ತೀನಿ.”

ಆ ಕಡೆ ಹುಡುಗಿ ಬಿಕ್ಕತೊಡಗಿದಳು. ಕತ್ತರಿ ನಿಂತಿತು. ಅಯ್ಯೋ, ಶತ್ರುವಿಗೂ ಬೇಡ ಆ ಗಳಿಗೆ.

ಇಬ್ಬರೂ ರಸ್ತೆ ದಾಟಿ ಓಡಿದೆವು. ಅತ್ತಿಗೆಯ ಬಾಯಿ ಅರೆ ತೆರೆದಿತ್ತು. ಅವನು ಮಂಚದ ಪಕ್ಕ ಕುಸಿದು ಅವರ ಕೈ ಹಿಡಿದುಕೊಂಡ. ಕೈ ಬಿಡದೆಯೇ ಕೇಳಿದ:

“ಮೇಷ್ಟ್ರೇ, ಆ ಪದದ ನಿಜವಾದ ಅರ್ಥ ಏನು?”

ಇಂಥ ಹೊತ್ತಿನಲ್ಲಿ ಪಾಠವೇ? ಆದರೂ ಹೇಳಿದೆ. “ಲ್ಯಾಟಿನ್ನಿಂದ ಬಂದದ್ದಣ್ಣ. ಎಕ್ಸ್ ಅಂದ್ರೆ ಹೊರಗೆ, ಸ್ಪಿರಾರೆ ಅಂದ್ರೆ ಉಸಿರಾಡೋದು. ಉಸಿರು ಹೊರಗೆ ಬಿಡೋದು, ಅಷ್ಟೇ. ಸಾವು, ತಾರೀಖು ಮುಗಿಯೋದು, ಎಲ್ಲ ಆಮೇಲೆ ಸೇರ್ಕೊಂಡ ಅರ್ಥ.”

“ಬರೀ ಉಸಿರು ಬಿಡೋದಾ?”

“ಹೂಂ ಅಣ್ಣ.”

ಅಷ್ಟರಲ್ಲಿ ವಾರ್ಡಿನವನು ಬಿಳಿ ಬಟ್ಟೆ ತಂದು ಅತ್ತಿಗೆಯ ಮುಖಕ್ಕೆ ಹೊದಿಸಲು ಬಾಗಿದ. ಮಾತ್ರೆಯಣ್ಣ ಅವನ ಕೈ ತಡೆದ.

“ಸ್ವಲ್ಪ ತಡಿಯಪ್ಪಾ. ಉಸಿರು ಬಿಟ್ಟಿದ್ದಾಳೆ ಅಷ್ಟೇ. ಇನ್ನೂ ಎಳ್ಕೋಬೇಕು ಅವಳು.”