ನಾನು ಬರೆದುಕೊಟ್ಟ ಕೊಲೊನೆಲ್

ಲಲಿತಾ, ಆ ದಿನ ನಿನ್ನ ಇಂಗ್ಲಿಷ್ ಭಾಷಣ ಕೆಡಿಸಿದವಳು ನಾನೇ. ಬೇಕೆಂದೇ ಕೆಡಿಸಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮೂಡಬಿದಿರೆಯ ಕಾಲೇಜಿನಲ್ಲಿ ನಾವಿಬ್ಬರೂ ಬಿ.ಎ. ಕೊನೆಯ ವರ್ಷ. ಮೈಸೂರು ಯುದ್ಧಗಳ ಬಗ್ಗೆ ಕ್ಲಾಸಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಬೇಕಿತ್ತು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ ಒಬ್ಬರಿಗೆ ಮಾತ್ರ ಮಂಗಳೂರಿನ ವಿಚಾರಗೋಷ್ಠಿಗೆ ಹೋಗುವ ಅವಕಾಶ. ನಾನು ಬಂಟ್ವಾಳದವಳು, ಕಾನ್ವೆಂಟಿನಲ್ಲಿ ಓದಿದವಳು — ಅದು ನನ್ನದೇ ಎಂದುಕೊಂಡಿದ್ದೆ. ನೀನು ಮುಂಡಾಜೆಯ ಕನ್ನಡ ಶಾಲೆಯಿಂದ ಬಂದವಳು. ನೀನು ಬರೆದದ್ದನ್ನು ಓದಿದೆ ನೋಡು, ಹೊಟ್ಟೆಯೊಳಗೆ ಕಿಚ್ಚು ಬಿತ್ತು. ಅಬ್ಬಾ, ಎಷ್ಟು ಚೆನ್ನಾಗಿತ್ತು! ಉಚ್ಚಾರ ಒಂದೇ ನಿನಗೆ ಹೆದರಿಕೆ.

ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ಆಗ ನಮ್ಮಲ್ಲಿ ರೂಢಿ. ಬರೆದುಕೊಡು ಎಂದು ನೀನು ನೋಟ್‌ಬುಕ್ ನನ್ನ ಕೈಗಿಟ್ಟೆ. ದಂಡಿನ ಅಧಿಕಾರಿಯ ಹೆಸರಿಗೆ ಮುಂಚೆ ಬರುವ ಒಂದು ಪದವನ್ನು ಬೆರಳಿಟ್ಟು ತೋರಿಸಿದೆ.

"ನಮ್ಮ ಮಾವ ಇದನ್ನು ಕರ್ನಲ್ ಅಂತ ಹೇಳ್ತಾರೆ, ಅವರು ಮಿಲಿಟರಿಯಲ್ಲಿ ಇದ್ದವರಲ್ವಾ. ಆದ್ರೆ ಇಲ್ಲಿ ಅಕ್ಷರ ಬೇರೆಯೇ ಉಂಟು. ಯಾವುದು ಸರಿ?"

ಸರಿಯಾದದ್ದು ನಿನ್ನ ಬಾಯಲ್ಲೇ ಇತ್ತು. ನಾನು ಹೂಂ ಎಂದಿದ್ದರೆ ಸಾಕಿತ್ತು — ಒಂದು ಹೂಂ.

"ಅದು ಮಿಲಿಟರಿಯವರ ಹರಕು ಇಂಗ್ಲಿಷ್ ಮಾರಾಯ್ತಿ. ಭಾಷಣದಲ್ಲಿ ಅಕ್ಷರ ಇದ್ದ ಹಾಗೇ ಹೇಳ್ಬೇಕು," ಎಂದುಬಿಟ್ಟೆ. ಕೊಲೊನೆಲ್ ಎಂದು ದುಂಡಗೆ ಬರೆದೂ ಕೊಟ್ಟೆ.

"ಹಾಗಾದ್ರೆ ಮಾವನಿಗೂ ತಿದ್ದಿ ಹೇಳ್ತೇನೆ," ಎಂದು ನೀನು ನಕ್ಕೆ.

ಭಾಷಣದಲ್ಲಿ ನೀನು ಮೊದಲ ಸಲ ಕೊಲೊನೆಲ್ ಎಂದಾಗ ಮುಂದಿನ ಸಾಲು ಕಿಸಕ್ಕೆಂದಿತು. ಎರಡನೆಯ ಸಲಕ್ಕೆ ಇಡೀ ಕ್ಲಾಸು. ಮೂರನೆಯ ಸಲ ಹಿಂದಿನ ಬೆಂಚಿನವರು ನಿನ್ನ ಜೊತೆಗೇ ರಾಗ ಎಳೆದರು. ನೀನು ನೋಟ್‌ಬುಕ್ ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಉಳಿದದ್ದು — ಅಷ್ಟು ಒಳ್ಳೆಯ ಭಾಷಣ — ಅಲ್ಲಿಗೇ ನಿಂತುಹೋಯಿತು.

"ಯಾರಮ್ಮ ನಿಮಗೆ ಹೀಗೆ ಹೇಳಿಕೊಟ್ಟದ್ದು?" ಪ್ರೊಫೆಸರರು ಕೇಳಿದರು.

ನಾನು ಪುಸ್ತಕದಲ್ಲಿ ಏನನ್ನೋ ಹುಡುಕುವವಳಂತೆ ಹಾಳೆ ತಿರುವಿದೆ.

"ಯಾರೂ ಇಲ್ಲ ಸರ್. ನಾನೇ ಓದಿದ್ದು," ಎಂದೆ ನೀನು.

ಆಗಲೇ ನಾನು ಎದ್ದು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಮಂಗಳೂರಿಗೂ ನಾನೇ ಹೋದೆ, ಚಪ್ಪಾಳೆಯೂ ಸಿಕ್ಕಿತು. ಯಾಕೆ ನನ್ನ ಹೆಸರು ಹೇಳಲಿಲ್ಲ ನೀನು? ನನಗೂ ಗೊತ್ತಿರಲಿಲ್ಲ ಎಂದುಕೊಂಡೆಯಾ, ಅಥವಾ — ಕೇಳುವ ಯೋಗ್ಯತೆ ನನಗಿಲ್ಲ, ಬಿಡು.

ಅಂದಿನಿಂದ ಕಾಲೇಜು ಮುಗಿಯುವವರೆಗೆ ನೀನು ಒಂದೇ ಒಂದು ಇಂಗ್ಲಿಷ್ ಮಾತೂ ಆಡಲಿಲ್ಲ. ಹಾಜರಿ ಕರೆದಾಗಲೂ ಸುಮ್ಮನೆ ಕೈ ಎತ್ತುತ್ತಿದ್ದೆ. ನಿನ್ನ ಪಕ್ಕದಲ್ಲೇ ಕೂತು ನಾನು "ಪ್ರೆಸೆಂಟ್ ಸರ್" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ.