ಇಬ್ಬರಿಗೊಂದು ನೌಕರಿ

ಶಹಾಬಾದಿನ ಕಲ್ಲಿನ ಕಾರ್ಖಾನೆಯಲ್ಲಿ ನಮ್ಮ ಮನೆಗೆ ಒಂದು ನೌಕರಿ ಇತ್ತು. ನನಗಲ್ಲ, ಅಣ್ಣನಿಗಲ್ಲ, ಮನೆಗೆ. ಒಂದು ವಾರ ಅಣ್ಣ ಪಾಲಿಶ್ ಯಂತ್ರದ ಮುಂದೆ ನಿಂತರೆ ನಾನು ಗುಂಡಗುರ್ತಿಯಲ್ಲಿ ತೊಗರಿ ಹೊಲ ನೋಡಿಕೊಳ್ಳುತ್ತಿದ್ದೆ, ಮರುವಾರ ಅದಲುಬದಲು. ಕೆಲಸ ಹಂಚುವ ಮುಕಾದಮ ಮುಖ ನೋಡುತ್ತಲೇ ಇರಲಿಲ್ಲ.

"ಯಾರರ ಒಬ್ರು ಬರ್ರಿ, ಮಷೀನ್ ನಿಂದ್ರಬಾರ್ದು ನೋಡ್ರಿ," ಎನ್ನುತ್ತಿದ್ದ.

ಕಾಲ ಕೆಳಗೆ ಸದಾ ಕಲ್ಲಿನ ರಾಡಿ. ಅದಕ್ಕೆ ಇಬ್ಬರಿಗೂ ಸೇರಿ ಕಾರ್ಖಾನೆ ಕೊಟ್ಟ ಒಂದೇ ಜೋಡಿ ರಬ್ಬರ್ ಬೂಟು, ಅಣ್ಣನ ಅಳತೆಯದು. ನನಗದು ಸಡಿಲ, ತುದಿಗೆ ಚಿಂದಿ ತುರುಕಿ ಹಾಕಿಕೊಳ್ಳುತ್ತಿದ್ದೆ. ಭಾನುವಾರ ಸಂಜೆ ಬಂದವನು ಹೊಸ್ತಿಲಲ್ಲಿ ಬಿಡುವುದು, ಸೋಮವಾರ ಹೋಗುವವನು ಮೆಟ್ಟುವುದು.

ಆಮೇಲೆ ಹೊಸ ಮ್ಯಾನೇಜರ್ ಬಂದರು. ದೊಡ್ಡ ಕಾರ್ಖಾನೆಗಳಲ್ಲಿ ಆಗಲೇ ಇದ್ದ ಕಾಯಿದೆ ನಮ್ಮಲ್ಲಿಗೂ ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದು ಕೆಲಸಕ್ಕೆ ಒಂದು ಹೆಸರು, ಒಬ್ಬನೇ ಮನುಷ್ಯ, ಅವನದೊಂದು ಫೋಟೊ. ಬದಲಿ ಆಳು ನಡೆಯುವುದಿಲ್ಲ. ಅಂದು ಯಂತ್ರದ ಮುಂದೆ ಇದ್ದವರ ಫೋಟೊ ತೆಗೆದರು. ಅದು ನನ್ನ ವಾರ.

"ಅಣ್ಣಗ ಕೇಳಿ ಬರ್ತೀನ್ರಿ, ದೊಡ್ಡಾಂವ ಅವನೇ," ಎಂದೆ.

"ಕೇಳೋದೇನದ? ಇಲ್ಲಿ ನಿಂತಾಂವಂದೇ ನೌಕರಿ," ಎಂದ ಮುಕಾದಮ.

ಇನ್ನೇನೋ ಹೇಳಲು ಬಾಯಿ ತೆರೆದೆ. ಫೋಟೊದಲ್ಲಿ ಬಾಯಿ ಹಾಗೇ ತೆರೆದಿದೆ. ಹಳೆಯ ಬೂಟು ಇಟ್ಟುಕೊಂಡು ನನ್ನ ಅಳತೆಯ ಹೊಸದು ಕೊಟ್ಟರು.

ಭಾನುವಾರ ಮನೆಯಲ್ಲಿ ಹೇಳಿದೆ. ಅಣ್ಣ ರೊಟ್ಟಿ ಮುರಿಯುತ್ತಿದ್ದ, ಮುರಿಯುತ್ತಲೇ ಇದ್ದ.

"ಇರ್ಲಿ ತಮ್ಮಾ. ಪಗಾರ ಮನಿಗೇ ಬರ್ತದಲ್ಲ."

ಅವನಿಗೆ ಹೊಲ ಎಂದೂ ಹಿಡಿಸಿದ್ದಲ್ಲ. ಯಂತ್ರದ ಗದ್ದಲ, ಸಂತೆ, ಚಹಾದಂಗಡಿಯ ಗೆಳೆಯರು, ಅವನ ಜೀವವೆಲ್ಲ ಶಹಾಬಾದಿನಲ್ಲೇ. ವಾರ ಬಿಟ್ಟು ವಾರ ಸಿಗುತ್ತಿದ್ದ ಅದು ಇನ್ನು ಸಿಗುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮುಂಜಾನೆ ಅವ್ವ ಕೂಗಿದಳು, "ಬಸ್ಸಿನ ಹೊತ್ತಾತು, ಏಳ್ರೋ."

ಹಳೆಯ ಪಾಳಿಯ ಪ್ರಕಾರ ಅದು ಅಣ್ಣನ ವಾರ. ಎದ್ದ, ಮುಖ ತೊಳೆದ. ಅವ್ವ ಕೊಟ್ಟ ಬುತ್ತಿ ಹಿಡಿದು ಹೊಸ್ತಿಲಿಗೆ ಹೋಗಿ ಬೂಟಿಗೆ ಕಾಲಿಟ್ಟ. ಕಾಲು ಅರ್ಧಕ್ಕೇ ನಿಂತಿತು. ಆಮೇಲೆ ಕಾಲು ಕಿತ್ತುಕೊಂಡು, ಬೂಟನ್ನು ನನ್ನ ಕಡೆ ತಿರುಗಿಸಿಟ್ಟು, ಬುತ್ತಿ ನನ್ನ ಕೈಗೆ ಕೊಟ್ಟ.

ನನಗೆ ದುಃಖವಾಗಬೇಕಿತ್ತು. ಏನೂ ಆಗಲಿಲ್ಲ. ಬೂಟು ಮೆಟ್ಟುವ ಮೊದಲು ರೂಢಿಯಂತೆ ಚಿಂದಿಗಾಗಿ ಜೇಬು ತಡಕಿದೆ. ಬೇಕಾಗಿರಲಿಲ್ಲ.