ಭುಜದ ಹಿಂದಿನ ಮಸುಕು ಮುಖ

ಕೈ ಹಾಕಿದ ಕೆಲಸದಲ್ಲಿ ಸಾಸಿವೆಕಾಳಿನಷ್ಟನ್ನೂ ಹಿಂದೆ ಬಿಟ್ಟು ಬಂದ ಚರಿತ್ರೆ ನನ್ನದಲ್ಲ. ಒಮ್ಮೆ ಮನೆ ಬದಲಾಯಿಸಿದಾಗ ಹಳೆಯ ಮನೆಯ ಜೇಡರ ಬಲೆಗಳನ್ನು ಜೇಡಗಳ ಸಮೇತ ತಂದಿದ್ದೆ. ಒಂದು ಜೇಡವೂ ದೂರು ಹೇಳಲಿಲ್ಲ. ಹಾಗಾಗಿ ಫೋಟೋ ಸ್ಟುಡಿಯೋದ ಹಳೆಯ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿದ್ದಾಗ, ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನು. ಒಂದು ಚೂರೂ ಬಿಡದೆ ತುಂಬಿಕೊಟ್ಟೆ. ಮಾರನೆಯ ದಿನ ಯಂತ್ರ ಕಣ್ಣು ಮುಚ್ಚಿತು.

ಆದರೆ ಇದು ನನ್ನ ಕಥೆಯಲ್ಲ, ನನ್ನ ಅಕ್ಕನ ಮಗಳದು. ಸ್ಟುಡಿಯೋದಲ್ಲಿ ಅವಳ ಹೆಸರು ‘ಒಂದ್ನಿಮಿಷ’. ಏನು ಕೇಳಿದರೂ ಪರದೆಯಿಂದ ಕಣ್ಣು ಕೀಳದೆ ಅದನ್ನೇ ಹೇಳುತ್ತಾಳೆ. ಆ ನಿಮಿಷ ಮುಗಿಯುವಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡವರ ಕೂದಲು ನೆರೆತು, ಮತ್ತೊಂದು ಫೋಟೋ ತೆಗೆಯಬೇಕಾಗುತ್ತದೆ.

ಅವಳ ಅಣ್ಣ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷ ಕೂತು, ಸ್ಟುಡಿಯೋದ ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದ. ಅವನ ಸ್ಕ್ಯಾನರ್ ಉಗುಳುತ್ತಿದ್ದ ಫೈಲುಗಳ ಜಾತಿಯೇ ಬೇರೆ. ಯಾವ ಪ್ರೋಗ್ರಾಮೂ ಅವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಚಿತ್ರಗಳನ್ನು ತೆರೆಯುವ ಒಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಪ್ರೋಗ್ರಾಮಿನ ಕಂತೆ, ಇತ್ತು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ತಿದ್ದಿ ತನ್ನ ಫೈಲುಗಳನ್ನು ಓದುವಂತೆ ಪಳಗಿಸಿಕೊಂಡಿದ್ದ. ಎರಡು ವರ್ಷದ ಹಿಂದೆ ತೀರಿಹೋದ. ಸಾವಿರಾರು ಜನರ ಮುಖ ಉಳಿಸಿದವನದು, ದೊಡ್ಡವನಾದ ಮೇಲೆ, ಒಂದೇ ಒಂದು ಚಿತ್ರವಿತ್ತು. ತೆಗೆದವನು ನಾನೇ. ನೆಗೆಟಿವ್ ಬೂಸ್ಟು ಹಿಡಿದು ಹೋಗಿತ್ತು. ಉಳಿದದ್ದು ಆ ಜಾತಿಗೆಟ್ಟ ಫೈಲು ಮಾತ್ರ. ಒಂದ್ನಿಮಿಷಳಿಗೆ ಅಣ್ಣನ ಮುಖ ಮತ್ತೆ ಕಾಣಬೇಕಿದ್ದರೆ ಅವನ ಲೈಬ್ರರಿಯನ್ನು ಹೊಸ ಯಂತ್ರದಲ್ಲಿ ಮತ್ತೆ ಕಟ್ಟಬೇಕಿತ್ತು.

ಕಟ್ಟುವುದೆಂದರೆ ಕಂಪೈಲ್ ಮಾಡುವುದು. ಮನುಷ್ಯ ಬರೆದ ಸಾಲುಗಳನ್ನು ಯಂತ್ರಕ್ಕೆ ಅರ್ಥವಾಗುವ ಸಣ್ಣ ಸಣ್ಣ ತುಂಡುಗಳಾಗಿ ಬೇಯಿಸಿ, ಕೊನೆಗೆ ಎಲ್ಲವನ್ನೂ ಒಂದಕ್ಕೊಂದು ಹೊಲಿಯುವುದು. ಒಂದು ಒಲೆಯಲ್ಲಿ ಬೆಂದದ್ದು ಇನ್ನೊಂದು ಜಾತಿಯ ಯಂತ್ರಕ್ಕೆ ಒಗ್ಗುವುದಿಲ್ಲ. ಅವಳು ಕೌಂಟರಿನ ಹೊಸ ಯಂತ್ರದಿಂದ ಶುರುಮಾಡಿದಳು. ಅದು ತಕರಾರು ತೆಗೆದ ಸಾಲುಗಳನ್ನಷ್ಟೇ ತಿದ್ದಿದಳು. ನಾಲ್ಕು ದಿನಕ್ಕೆ ಲೈಬ್ರರಿ ಎದ್ದು ಕೂತಿತು.

ಅಣ್ಣನ ಚಿತ್ರ ತೆರೆದಳು. ಮೊದಲು ಪರದೆಯ ಮೇಲೆ, ಪ್ರೋಗ್ರಾಮು ಮಾತಾಡುವ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಮೂಡಿತು: ‘ತಾಳು, ನೋಡ್ತಾ ಇದ್ದೀನಿ.’

ಆಮೇಲೆ ಚಿತ್ರ ಬಂತು. ಮುಖದ ಮೇಲೆ ಮುಖ. ಅಣ್ಣನ ಭುಜದ ಹಿಂದೆ ಅವನದೇ ಇನ್ನೊಂದು ಮಸುಕು ಮುಖ, ಬಾಯಿ ಕರಗಿ ಕಿವಿಗೆ ಸೇರಿತ್ತು. ಯಾವುದು ಅವನು ಎಂದು ಹೇಳುವಂತಿರಲಿಲ್ಲ.

"ಮಾವ, ಆ ಸಾಲು ಅಣ್ಣನೇ ಬರೆದಿದ್ದು," ಅಂದಳು. "ಗಿರಾಕಿಗಳ ಮುಂದೆ ಇದೇನು ತಮಾಷೆ ಅಂತ ನಾನೇ ಬೈದಿದ್ದೆ. ನನ್ನೆದುರೇ ಅಳಿಸಿದ್ದ."

"ಮತ್ತೆ ಬರೆದಿರ್ತಾನೆ ಬಿಡೆ."

"ಆ ವಾರವೇ ಆಸ್ಪತ್ರೆ ಸೇರಿದ. ಯಾವಾಗ ಬರೀತಾನೆ?"

ಸಾಲು ಸಾಲು ಹುಡುಕಿದಳು. ಲೈಬ್ರರಿಯಲ್ಲಿ ಆ ಮಾತು ಎಲ್ಲೂ ಇರಲಿಲ್ಲ. ಆದರೂ ಪ್ರತಿ ಚಿತ್ರಕ್ಕೂ ಮೊದಲು ಅದೇ ಸಾಲು, ಪ್ರತಿಯೊಬ್ಬರ ಭುಜದ ಹಿಂದೆಯೂ ಅವರದೇ ಮಸುಕು ಮುಖ. ಮದುವೆ ಗಂಡಿನ ಹಿಂದೆ ಇನ್ನೊಬ್ಬ ಗಂಡು. ತೊಟ್ಟಿಲ ಮಗುವಿನ ಪಕ್ಕ ಕಣ್ಣಿಲ್ಲದ ಇನ್ನೊಂದು ಮಗು. ಮುದ್ರಣದ ಕೋಣೆಯ ಯಂತ್ರಕ್ಕೂ ಲೈಬ್ರರಿ ಹಾಕಿ ನೋಡಿದಳು. ಅಲ್ಲೂ ಅದೇ. ಸ್ಟುಡಿಯೋ ಯಜಮಾನರು ಆ ಕೋಣೆಗೆ ಹೋಗುವುದನ್ನೇ ಬಿಟ್ಟರು. ನಾನಂತೂ ಕಟ್ಟು ಹಾಕಿದ ಫೋಟೋಗಳನ್ನೆಲ್ಲ ಗೋಡೆಗೆ ಮುಖ ಮಾಡಿಟ್ಟೆ, ಗಾಜಿಗೆ ಧೂಳು ಕೂರದಿರಲಿ ಎಂದು.

ಗಂಡನ ಹಳೆಯ ಫೋಟೋ ಕೇಳಲು ಬಂದ ಒಬ್ಬ ಮುದುಕಿ ಮಾತ್ರ ಪರದೆಯನ್ನು ಬಹಳ ಹೊತ್ತು ನೋಡಿ, "ಹೀಗೇ ಇರಲಿ ಕಣಮ್ಮ. ಬದುಕಿದ್ದಾಗಲೂ ಅವರು ಹಿಂದೆ ನಿಂತು ಇಣುಕ್ತಾ ಇದ್ರು," ಅಂದು ಹಾಗೇ ಮುದ್ರಿಸಿಕೊಂಡು ಹೋದಳು. ಅಂದು ಮಧ್ಯಾಹ್ನ ನಮ್ಮ ಒಂದ್ನಿಮಿಷ ಊಟದ ಡಬ್ಬಿ ಬಿಚ್ಚಲಿಲ್ಲ.

ಉಳಿದದ್ದು ಮೂರನೆಯ ಯಂತ್ರ. ಹೊರಗಿನ ಗಾಜಿನ ಕಿಟಕಿಯಲ್ಲಿ ಫೋಟೋ ತೋರಿಸುವ ಪರದೆಯನ್ನು ನಡೆಸುವ, ಅಂಗೈಯಷ್ಟು ಅಗಲದ ಕಂಪ್ಯೂಟರ್ ಹಲಗೆ. ಅದರ ಮಿದುಳಾದ ಚಿಪ್‌ನ ಜಾತಿಯೇ ಬೇರೆ.

"ಅಲ್ಲಿಗೂ ಬರ್ತಾನಾ ನೋಡೇ ಬಿಡ್ತೀನಿ," ಅಂದಳು.

ಅಲ್ಲಿಗೆ ಬರಲಿಲ್ಲ. ಹೊಲಿಯುವ ಹೊತ್ತಿಗೆ ಹಲಗೆ ಕೆಲಸ ನಿಲ್ಲಿಸಿ ಒಂದು ತುಂಡಿನ ಹೆಸರು ಹಿಡಿದು ದೂರಿತು: ಇದು ನನ್ನ ಜಾತಿಯ ತುಂಡಲ್ಲ. ಅವಳು ಆ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಮಾವ, ಡಿಸ್ಕಿಗೆ ಏನೇನು ತುಂಬಿದ್ರಿ?"

"ಎಲ್ಲಾ," ಅಂದೆ, ಎದೆ ಉಬ್ಬಿಸಿ.

"ಅಣ್ಣ ಹಿಂದೆ ಕಂಪೈಲ್ ಮಾಡಿಟ್ಟಿದ್ದ ತುಂಡುಗಳನ್ನೂ?"

"ಎಲ್ಲಾ ಅಂದ್ರೆ ಎಲ್ಲಾ."

ಯಂತ್ರ ಸೋಮಾರಿ. ಬರೆದ ಸಾಲಿಗಿಂತ ಬೆಂದ ತುಂಡಿನ ತಾರೀಖು ಈಚಿನದಾಗಿದ್ದರೆ ಮತ್ತೆ ಬೇಯಿಸುವುದಿಲ್ಲ. ನನ್ನ ನಕಲಿನಲ್ಲಿ ಹಳೆಯ ತುಂಡುಗಳಿಗೆಲ್ಲ ಹೊಸ ತಾರೀಖು ಬಿದ್ದಿತ್ತು. ಅವಳು ತಿದ್ದಿದವಷ್ಟೇ ಹೊಸದಾಗಿ ಬೆಂದವು. ಉಳಿದವು ಅಣ್ಣ ಆ ಸಾಲು ಅಳಿಸುವುದಕ್ಕೂ ಮೊದಲು ಬೇಯಿಸಿದವು; ಆ ಮಾತು ಅವುಗಳೊಳಗೇ ಉಳಿದಿತ್ತು. ಚಿತ್ರದ ಅಗಲ ಎಷ್ಟೆಂಬುದರಲ್ಲಿ ಹೊಸ ತುಂಡಿಗೂ ಹಳೆಯ ತುಂಡಿಗೂ ಒಮ್ಮತವಿಲ್ಲದೆ ಗೆರೆಗಳು ಜರುಗಿ, ಎಲ್ಲರಿಗೂ ಎರಡನೆಯ ಮುಖ ಬಂದಿತ್ತು. ಮೊದಲ ಎರಡು ಯಂತ್ರಗಳು ಅಣ್ಣನ ಯಂತ್ರದ ಜಾತಿಯವೇ ಆದ್ದರಿಂದ ತುಟಿ ಬಿಚ್ಚಿರಲಿಲ್ಲ.

ಪರಿಹಾರ ಒಂದೇ ಪದ: ಕ್ಲೀನ್. ಹಳೆಯ ತುಂಡುಗಳನ್ನೆಲ್ಲ ಗುಡಿಸಿಹಾಕಿ, ಎಲ್ಲವನ್ನೂ ಹೊಸದಾಗಿ ಬೇಯಿಸುವುದು. ಪದ ಟೈಪು ಮಾಡಿದವಳು ಎಂಟರ್ ಒತ್ತದೆ ಮೂರು ದಿನ ಕಳೆದಳು. ಬೆಳಿಗ್ಗೆ ಬಂದು ಕೂರುವಳು, ಯಾವುದೋ ಚಿತ್ರ ತೆರೆಯುವಳು, ‘ತಾಳು, ನೋಡ್ತಾ ಇದ್ದೀನಿ’ ಬರುವುದನ್ನು ನೋಡುವಳು, ಚಿತ್ರವನ್ನು ನೋಡದೆ ಮುಚ್ಚುವಳು.

"ಇವು ಅಣ್ಣ ಕೊನೇಲಿ ಕಟ್ಟಿದ್ದು ಮಾವ. ಗುಡಿಸಿದ್ರೆ ಆ ಮಾತು ಇನ್ನೆಲ್ಲೂ ಇರಲ್ಲ."

"ಹಾಗಾದ್ರೆ ಇರಲಿ ಬಿಡೆ. ಯಾರಿಗೇನು ತೊಂದರೆ?"

"ಇದ್ರೆ ಅವನ ಮುಖ ಇರಲ್ಲ."

ನಾಲ್ಕನೆಯ ದಿನ ನನ್ನ ಡಿಸ್ಕನ್ನೂ ಕೇಳಿ ಇಸಿದುಕೊಂಡಳು. ಮೊದಲು ಅದರಲ್ಲಿದ್ದ ತುಂಡುಗಳನ್ನು ಅಳಿಸಿದಳು. ಆಮೇಲೆ ಎಂಟರ್ ಒತ್ತಿದಳು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ‘ಒಂದ್ನಿಮಿಷ’ ಅನ್ನಲಿಲ್ಲ. ನನ್ನ ಬುದ್ಧಿಗೆ ತಿಳಿದ ಮಟ್ಟಿಗೆ ಅವಳು ಆ ಮಾತು ಹೇಳದ ದಿನ ಅದೊಂದೇ.

ಅಣ್ಣನ ಚಿತ್ರ ತೆರೆದಾಗ ಕಪ್ಪು ಕಿಟಕಿ ಖಾಲಿಯಾಗಿಯೇ ಇತ್ತು. ಅವಳು ಆ ಖಾಲಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ಚಿತ್ರ ಬಂದಿತ್ತು. ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಅರ್ಧ ಮುಚ್ಚಿದ ಕಣ್ಣು, ಏನೋ ಹೇಳಲು ತೆರೆದ ಬಾಯಿ. ಒಂದೇ ಮುಖ. ಮೂಲೆಯಲ್ಲಿ ಕುಂಬಳಕಾಯಿಯಷ್ಟು ದಪ್ಪನೆಯ ನನ್ನ ಹೆಬ್ಬೆರಳು. ಭುಜದ ಹಿಂದೆ ಬರೀ ಗೋಡೆ.

ಅವಳು ಆ ಗೋಡೆಯ ಜಾಗವನ್ನು ಬೆರಳಿನಿಂದ ಒಮ್ಮೆ ಒರೆಸಿದಳು.

"ಏನೇ ಹೇಳು, ನಾನು ಒಂದು ಚೂರೂ ಬಿಡದೆ ತಂದಿದ್ದಕ್ಕೆ ತಾನೇ ಇವತ್ತು ಇದೂ ಸಿಕ್ಕಿದ್ದು," ಅಂದೆ.

ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅದಕ್ಕೇ ಮಾವ, ಆವತ್ತು ನಿಮ್ಮನ್ನ ಮಸಣದಿಂದ ಎಲ್ಲರಿಗಿಂತ ಮೊದಲು ಮನೆಗೆ ಕಳಿಸಿದ್ದು. ಕೊನೇಲಿ ಬಿಟ್ಟಿದ್ರೆ ಅಣ್ಣನನ್ನೂ ಹೊತ್ಕೊಂಡು ಬಂದ್ಬಿಡ್ತಿದ್ರಿ."